ಲೇಡಿ ಆ್ಯನ್ ಕ್ಲಿಫರ್ಡ್: ಒಂದು ವಂಶಾವಳಿಯ ಕಥೆ

ವಂಶಾವಳಿಯೆಂದರೆ ನಮಗೆ ಸಾಮಾನ್ಯವಾಗಿ ಬೇಸರ. ಶಾಸನಪಾಠದ ತರಗತಿಗಳಲ್ಲಿ, ಅರಸರ ತಾತ ಮುತ್ತಾತಂದಿರ ಹೆಸರುಗಳು ಎಂದು ಮುಗಿದಾವೋ ಎಂದು ನನ್ನ ವಿದ್ಯಾರ್ಥಿಗಳು ಕಿಟಕಿಯ ಹೊರಗೆ ನೋಡುತ್ತ ಕುಳಿತಿರುತ್ತಿದ್ದುದನ್ನು ನಾನು ಬಲ್ಲೆ. ಆದರೆ ಆ ಹೆಸರುಗಳ ಪಟ್ಟಿಯನ್ನೇ ಆಯುಧವಾಗಿ ಹಿಡಿದು ಚಿಕ್ಕಪ್ಪ, ಗಂಡ, ಧರ್ಮಗುರು, ಕೊನೆಗೆ ದೊರೆ, ಇವರೆಲ್ಲರ ಎದುರು ಒಂಟಿಯಾಗಿ ನಿಂತ ಒಬ್ಬ ಹೆಣ್ಣುಮಗಳ ವೃತ್ತಾಂತವನ್ನು ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ. ಆಕೆ ಇಂಗ್ಲೆಂಡಿನ ಲೇಡಿ ಆ್ಯನ್ ಕ್ಲಿಫರ್ಡ್.

ಆಕೆ ಹುಟ್ಟಿದ್ದು 1590ರ ಜನವರಿ 30ರಂದು, ಯಾರ್ಕ್‌ಷೈರಿನ ಸ್ಕಿಪ್ಟನ್ ಕೋಟೆಯಲ್ಲಿ. ತಂದೆ ಜಾರ್ಜ್ ಕ್ಲಿಫರ್ಡ್, ಕಂಬರ್‌ಲೆಂಡಿನ ಮೂರನೆಯ ಅರ್ಲ್, ಸಮುದ್ರಸಾಹಸಿ. 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ದೊರೆತ ಸನ್ನದಿನಲ್ಲಿ ಮೊದಲು ಕಾಣುವುದು ಈತನ ಹೆಸರು. ಕಂಪನಿಯ ಮೊದಲ ಯಾನದ ಮುಖ್ಯ ಹಡಗು ಈತನಿಂದಲೇ ಕೊಂಡದ್ದು. ಹಡಗುಗಳಿಂದ ಬಂದ ಹಣ ಹಡಗುಗಳಿಗೇ ಹೋಗಿ, ಸಾಲ ಬೆಳೆಯಿತು. ಇಬ್ಬರು ಗಂಡುಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಉಳಿದವಳು ಆ್ಯನ್ ಒಬ್ಬಳೇ. 1605ರಲ್ಲಿ ಅರ್ಲ್ ತೀರಿಕೊಂಡಾಗ ಉಯಿಲಿನಲ್ಲಿದ್ದುದು ಇಷ್ಟು: ಕೋಟೆಗಳೂ ಭೂಮಿಯೂ ತಮ್ಮ ಫ್ರಾನ್ಸಿಸನಿಗೆ, ಮಗಳಿಗೆ 15,000 ಪೌಂಡು, ತಮ್ಮನ ಗಂಡುಸಂತತಿ ನಿಂತುಹೋದರೆ ಮಾತ್ರ ಆಸ್ತಿ ಮಗಳಿಗೆ. ಅವಳಿಗೆ ಆಗ 15 ವರ್ಷ.

ತಾಯಿ ಮಾರ್ಗರೆಟ್ ರಸಲ್ ಸುಮ್ಮನಿರುವ ಹೆಂಗಸಲ್ಲ. ಆಕೆ ಹಳೆಯ ದಫ್ತರಗಳನ್ನು ತೆಗೆಸಿದಳು. ಎರಡನೆಯ ಎಡ್ವರ್ಡ್ ದೊರೆಯ ಕಾಲದಿಂದ, ಅಂದರೆ 14ನೆಯ ಶತಮಾನದ ಮೊದಲ ಪಾದದಿಂದ, ಈ ಆಸ್ತಿಗೆ ಒಂದು ಕಟ್ಟು ಇತ್ತು. ಅದರಂತೆ ಭೂಮಿ ಹೊಟ್ಟೆಯಲ್ಲಿ ಹುಟ್ಟಿದ ಸಂತಾನಕ್ಕೆ ಹೋಗಬೇಕು, ಮಗನಿಲ್ಲದಿದ್ದರೆ ಮಗಳಿಗೆ. ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೂ ಹಿಂದಿನದು. ವೆಸ್ಟ್‌ಮರ್ಲೆಂಡಿನ ಕೋಟೆಗಳು ಮೂಲತಃ ಕ್ಲಿಫರ್ಡರವೇ ಅಲ್ಲ. ಅವು ವಿಪಾಂಟ್ ಎಂಬ ಮನೆತನದವು. 13ನೆಯ ಶತಮಾನದಲ್ಲಿ ಆ ಮನೆಯಲ್ಲಿ ಗಂಡು ಸಂತಾನ ನಿಂತುಹೋಗಿ, ಇಸಬೆಲಾ, ಐಡೋನಿಯಾ ಎಂಬ ಇಬ್ಬರು ಹೆಣ್ಣುಮಕ್ಕಳು ಉಳಿದರು. ಇಸಬೆಲಾ ರೋಜರ್ ಕ್ಲಿಫರ್ಡನನ್ನು ಮದುವೆಯಾದಳು. ಅವಳ ಮಗ ರಾಬರ್ಟನೇ ಮೊದಲನೆಯ ಕ್ಲಿಫರ್ಡ್ ಪ್ರಭು, 1314ರಲ್ಲಿ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಮಡಿದವನು. ಎಂದ ಮೇಲೆ, ಯಾವ ಭೂಮಿಯನ್ನು ಹೆಣ್ಣೆಂಬ ಕಾರಣಕ್ಕೆ ಆ್ಯನ್‌ಳಿಗೆ ತಪ್ಪಿಸಲಾಯಿತೋ ಆ ಭೂಮಿ ಕ್ಲಿಫರ್ಡರ ಮನೆಗೆ ಬಂದದ್ದೇ ಹೆಣ್ಣಿನ ಮೂಲಕ! ವಂಶಾವಳಿಯನ್ನು ಹೀಗೆ ಓದಬೇಕು, ಶ್ರೋತೃಗಳೇ.

1609ರಲ್ಲಿ ಅವಳು ರಿಚರ್ಡ್ ಸ್ಯಾಕ್‌ವಿಲ್‌ನ ಕೈಹಿಡಿದಳು; ಅವನು ಡಾರ್ಸೆಟ್ಟಿನ ಮೂರನೆಯ ಅರ್ಲ್, ಜೂಜು ಮತ್ತು ಆಡಂಬರದ ದೊರೆಮಗ. ಅವನಿಗೆ ಬೇಕಾದದ್ದು ದೂರದ ಬಡಗಣ ನಾಡಿನ ಕಲ್ಲುಕೋಟೆಗಳಲ್ಲ, ರೊಕ್ಕ. ವ್ಯಾಜ್ಯ ಬಿಟ್ಟು ಹಣ ತೆಗೆದುಕೊಳ್ಳೆಂದು ಅವನು ಒತ್ತಾಯಿಸಿದ. 1616ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನೂ ಬುದ್ಧಿ ಹೇಳಿದ. ತಾಯಿಯನ್ನು ಕಂಡು ಬರುತ್ತೇನೆಂದು ಅವಳು ಬಡಗಣಕ್ಕೆ ಹೊರಟಳು. ಏಪ್ರಿಲ್ 2ರಂದು ಬ್ರೂಮ್ ಕೋಟೆಯ ಸಮೀಪ, ದಾರಿಯ ಬದಿಯಲ್ಲಿ ತಾಯಿ ಮಗಳು ಅಗಲಿದರು. ಮುಂದಿನ ತಿಂಗಳು ತಾಯಿ ತೀರಿಕೊಂಡಳು. ಅದೇ ತಿಂಗಳು ಗಂಡ, ಹೆಂಡತಿಯನ್ನು ಬಗ್ಗಿಸಲೆಂದು, ಎರಡು ವರ್ಷದ ಮಗುವನ್ನು ಅವಳಿಂದ ಬೇರ್ಪಡಿಸಿ ಕರೆಸಿಕೊಂಡ. ಅವಳ ದಿನಚರಿಯಲ್ಲಿ ಇದೆಲ್ಲ ಅಳುಬುರುಕತನವಿಲ್ಲದೆ ದಾಖಲಾಗಿದೆ.

1617ರ ಜನವರಿಯಲ್ಲಿ ಜೇಮ್ಸ್ ದೊರೆಯೇ ಅವಳನ್ನು ಕರೆಸಿ, ತೀರ್ಮಾನವನ್ನು ತನಗೆ ಬಿಡೆಂದ. ಬದುಕಿರುವ ತನಕ ವೆಸ್ಟ್‌ಮರ್ಲೆಂಡನ್ನು ಬಿಡಲಾರೆನೆಂದು ಅವಳು ಬಿನ್ನವಿಸಿದಳು. ದೊರೆ ಚಿಕ್ಕಪ್ಪನ ಪರವಾಗಿ ತೀರ್ಪಿತ್ತು, 20,000 ಪೌಂಡುಗಳ ಪರಿಹಾರ ವಿಧಿಸಿದ. ಆ್ಯನ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ.

ಆಗ ಅವಳು ವಾಸವಾಗಿದ್ದ ಗಂಡನ ಮನೆ ಕೆಂಟ್ ಸೀಮೆಯ ನೋಲ್. ಮೂರು ಶತಮಾನಗಳ ತರುವಾಯ ಅದೇ ಮನೆಯಲ್ಲಿ ಹುಟ್ಟಿದ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ 1923ರಲ್ಲಿ ಈ ದಿನಚರಿಯನ್ನು ಪ್ರಕಟಿಸಿದಳು. ಐದು ವರ್ಷಗಳ ಮೇಲೆ ವೀಟಾಳ ತಂದೆ ತೀರಿಕೊಂಡಾಗ, ಒಬ್ಬಳೇ ಮಗಳಾದ ಅವಳನ್ನು ದಾಟಿ ನೋಲ್ ಅವಳ ಚಿಕ್ಕಪ್ಪನಿಗೆ ಹೋಯಿತು!

ಡಾರ್ಸೆಟ್ 1624ರಲ್ಲಿ ಗತಿಸಿದ. ಅವನಿಂದ ಆದ ಗಂಡುಮಕ್ಕಳು ಯಾರೂ ಉಳಿದಿರಲಿಲ್ಲ. ಉಳಿದವರು ಇಬ್ಬರು ಹೆಣ್ಣುಮಕ್ಕಳು, ಮಾರ್ಗರೆಟ್ ಮತ್ತು ಇಸಬೆಲಾ. ಒಬ್ಬಳಿಗೆ ತಾಯಿಯ ಹೆಸರು. ಇನ್ನೊಬ್ಬಳ ಹೆಸರು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 1630ರಲ್ಲಿ ಎರಡನೆಯ ಮದುವೆ, ಪೆಂಬ್ರೋಕಿನ ಅರ್ಲ್ ಫಿಲಿಪ್ ಹರ್ಬರ್ಟನೊಂದಿಗೆ. ಷೇಕ್ಸ್‌ಪಿಯರನ ನಾಟಕಗಳ 1623ರ ಮಹಾಸಂಪುಟ ಅರ್ಪಿತವಾದ ಇಬ್ಬರು ಸೋದರರಲ್ಲಿ ಈತನೊಬ್ಬ. ಆ ದಾಂಪತ್ಯದಲ್ಲೂ ಹೇಳಿಕೊಳ್ಳುವ ಸುಖವಿರಲಿಲ್ಲ.

1643ರಲ್ಲಿ ಚಿಕ್ಕಪ್ಪನ ಮಗ ಗಂಡು ಸಂತಾನವಿಲ್ಲದೆ ಮರಣ ಹೊಂದಿದ. ನ್ಯಾಯಾಲಯವಾಗಲಿ ದೊರೆಯಾಗಲಿ ಕೊಡದಿದ್ದುದನ್ನು ಕಾಲ ಕೊಟ್ಟಿತು. ಆಕೆಗೆ 53 ವರ್ಷ, ನಾಡಿನಲ್ಲಿ ಅಂತರ್ಯುದ್ಧ. 1646ರಲ್ಲಿ ಆಕೆ ಬರೆಸಿದ ಮೂರು ಭಾಗಗಳ ಮಹಾಚಿತ್ರವನ್ನು ಕುರಿತು ಎರಡು ಮಾತು ಹೇಳಲೇಬೇಕು. ನಡುವೆ ತಂದೆ ತಾಯಿ, ತೀರಿಹೋದ ಇಬ್ಬರು ಸೋದರರು. ಬಲಕ್ಕೆ ವಯಸ್ಸಾದ ಆ್ಯನ್. ಎಡಕ್ಕೆ ಹದಿನೈದರ ಆ್ಯನ್, ಅಂದರೆ ಆಸ್ತಿ ಕೈತಪ್ಪಿದ ವಯಸ್ಸಿನವಳು. ಹಿಂದೆ ಪುಸ್ತಕಗಳು, ಗುರುವಾಗಿದ್ದ ಕವಿ ಸ್ಯಾಮ್ಯುಅಲ್ ಡೇನಿಯಲ್‌ನ ಭಾವಚಿತ್ರ. ನಡುವಣ ನಲವತ್ತು ವರ್ಷಗಳ ಎರಡು ಗಂಡಂದಿರ ಮನೆಯ ಬಾಳಿಗೆ ಚಿತ್ರದಲ್ಲಿ ಪ್ರತ್ಯೇಕ ಪಟವೇ ಇಲ್ಲ.

1649ರಲ್ಲಿ ಬಡಗಣಕ್ಕೆ ಹೋದವಳು ಮತ್ತೆ ಲಂಡನ್ನಿನಲ್ಲಿ ನೆಲೆಸಲಿಲ್ಲ. ಸ್ಕಿಪ್ಟನ್, ಆ್ಯಪಲ್‌ಬಿ, ಬ್ರೂಮ್, ಬ್ರಫ್, ಪೆನ್‌ಡ್ರ್ಯಾಗನ್, ಪಾಳುಬಿದ್ದ ಕೋಟೆಗಳನ್ನೆಲ್ಲ ಎತ್ತಿ ನಿಲ್ಲಿಸಿದಳು. ವೆಸ್ಟ್‌ಮರ್ಲೆಂಡಿನ ಷೆರಿಫ್ ಪದವಿ ವಂಶಪಾರಂಪರ್ಯವಾದದ್ದು. ಅದನ್ನೂ ತಾನೇ ವಹಿಸಿದಳು. ತಾಯಿ ಕೂಡಿಹಾಕಿದ್ದ ದಾಖಲೆಗಳಿಂದ ಮನೆತನದ ಚರಿತ್ರೆಯನ್ನು ದೊಡ್ಡ ಸಂಪುಟಗಳಾಗಿ ಬರೆಸಿದಳು. ಹಠಮಾರಿಯಲ್ಲವೇ ಎಂದು ಯಾರಾದರೂ ಕೇಳಿದರೆ, ಅಹುದು, ಹಠಮಾರಿಯೇ.

1676ರ ಮಾರ್ಚ್ 22ರಂದು, 86ನೆಯ ವಯಸ್ಸಿನಲ್ಲಿ, ಬ್ರೂಮ್ ಕೋಟೆಯಲ್ಲಿ ಕಣ್ಣುಮುಚ್ಚಿದಳು. ಆಸ್ತಿ ಹೋದದ್ದು ಮಗಳು ಮಾರ್ಗರೆಟ್ಟಳ ಸಂತತಿಗೆ. ಸಮಾಧಿ ಇಬ್ಬರು ಗಂಡಂದಿರಲ್ಲಿ ಯಾರ ಪಕ್ಕದಲ್ಲೂ ಅಲ್ಲ. ತಾಯಿ ಮಲಗಿರುವ ಆ್ಯಪಲ್‌ಬಿಯ ಇಗರ್ಜಿಯಲ್ಲಿ. ಅದರ ಮೇಲೆ ಪ್ರತಿಮೆಯಿಲ್ಲ. ವಂಶದ ಲಾಂಛನಗಳ 24 ಗುರಾಣಿಗಳಿವೆ.

ತಾಯಿ ಮಗಳು ಅಗಲಿದ ದಾರಿಯ ಬದಿಯಲ್ಲಿ 1656ರಲ್ಲಿ ಆಕೆ ಒಂದು ಕಲ್ಲುಕಂಬ ನಿಲ್ಲಿಸಿದ್ದಳು. ವರ್ಷವರ್ಷವೂ ಏಪ್ರಿಲ್ 2ರಂದು ಊರ ಬಡವರಿಗೆ 4 ಪೌಂಡು ಹಂಚಬೇಕೆಂದು ದತ್ತಿಯಿಟ್ಟಳು. ಹಣ ಇಟ್ಟು ಹಂಚಲೆಂದು ಕಂಬದ ಪಕ್ಕದಲ್ಲೇ ಒಂದು ಚಪ್ಪಟೆ ಕಲ್ಲನ್ನು ಹಾಕಲಾಗಿದೆ.