ಬೈಕಿಗೆ ಕಪ್ಪು ಬಣ್ಣ: ಉಸಿರಿನ ಮೇಲೂ ಗಮನವಿರಲಿ

ಬೈಕಿನ ಹ್ಯಾಂಡಲ್, ರಿಮ್, ಗಾರ್ಡುಗಳಿಗೆ ಕಪ್ಪು ಬಣ್ಣ ಹೊಡೆಸುವುದು ಇಂದಿನ ಯುವಕರಿಗೆ ಬಲು ಇಷ್ಟ. ರಾಜೇಶ್ವರದಂಥ ಹೆದ್ದಾರಿ ಬದಿಯ ಊರಿನಿಂದ ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಹೋಗಿ ಈ ಕೆಲಸ ಮಾಡಿಸಬಹುದು. ಹಣ ಉಳಿಸಲು ಮನೆಯಲ್ಲೇ ಸ್ಪ್ರೇ ಡಬ್ಬಿ ಹಿಡಿಯುವವರೂ ಉಂಟು. ಪೂರ್ತಿ ಒಣಗಿದ ಬಣ್ಣವನ್ನು ಮುಟ್ಟಿದರೆ ಭಯವಿಲ್ಲ. ಅದು ಗಾಳಿಯಲ್ಲಿ ಹಾರುವಾಗಲೇ ಅಪಾಯ.

ಬಣ್ಣವನ್ನು ತೆಳುವಾಗಿಸುವ ಥಿನ್ನರಿನಲ್ಲಿ ಸಾಮಾನ್ಯವಾಗಿ ಟಾಲೂಯೀನ್, ಕ್ಸೈಲೀನ್‌ನಂಥ ದ್ರಾವಕಗಳಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಇವುಗಳ ಆವಿ ಸೇವಿಸಿದರೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ಈ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡಿ, ಒಲೆಯ ಕಿಡಿಗೆ ಹೊತ್ತಿಕೊಳ್ಳಲೂಬಹುದು.

ಇನ್ನೊಂದು ಅಪಾಯ ಹಾರ್ಡನರ್‌ನದು. ಗಟ್ಟಿ ಹೊಳಪಿಗಾಗಿ ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಪಿ.ಯು. ಬಣ್ಣದ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಇದು ಕೆಲವರಲ್ಲಿ ಅಸ್ತಮಾ ತರುತ್ತದೆ. ಒಮ್ಮೆ ದೇಹಕ್ಕೆ ಒಗ್ಗದಾದರೆ, ಆಮೇಲೆ ಅತ್ಯಲ್ಪ ಪ್ರಮಾಣವೂ ಉಬ್ಬಸ ಎಬ್ಬಿಸಬಲ್ಲದು. ಕೆಮ್ಮು ಕೆಲಸದ ವೇಳೆ ಬಾರದೆ, ಮನೆಗೆ ಬಂದ ಮೇಲೆ ರಾತ್ರಿ ಶುರುವಾಗುವುದೂ ಉಂಟು. ಹಾಗಾಗಿ ಅನೇಕರು ಅದನ್ನು ನೆಗಡಿ, ಧೂಳಿನ ಬಾಧೆ ಎಂದೇ ತಿಳಿಯುತ್ತಾರೆ. ರಜೆಯ ದಿನಗಳಲ್ಲಿ ಕಡಿಮೆಯಾಗಿ, ಕೆಲಸಕ್ಕೆ ಹೋದಾಗ ಮರುಕಳಿಸುವ ಕೆಮ್ಮೇ ಇದರ ಮುಖ್ಯ ಸುಳಿವು.

ಮುಖಕ್ಕೆ ದಸ್ತಿ ಕಟ್ಟಿದರೆ ಸಾಲದೇ ಎಂದು ನೀವು ಕೇಳಬಹುದು. ಖಂಡಿತ ಸಾಲದು. ಎನ್-95 ಮಾಸ್ಕ್ ಕೂಡ ಧೂಳನ್ನು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಹಾರ್ಡನರ್ ಬೆರೆಸಿದ ಬಣ್ಣಕ್ಕಾದರೆ ಸ್ಪ್ರೇ ಬೂತ್ ಮತ್ತು ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇರಬೇಕು. ಅದನ್ನು ಮನೆಯಲ್ಲಿ ಹೊಡೆಯಲೇಬಾರದು.

ಪೌಡರ್ ಕೋಟಿಂಗಿನಲ್ಲಿ ಥಿನ್ನರ್ ಇಲ್ಲ. ವಿದ್ಯುದಾವೇಶ ಕೊಟ್ಟ ಪುಡಿಯನ್ನು ಲೋಹಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಆ ಮಟ್ಟಿಗೆ ಇದು ಮೇಲು. ಆದರೂ ಪುಡಿಯ ಧೂಳು ಮೂಗಿಗೆ ಹೋಗಬಾರದು. ಅಡುಗೆಯ ಓವನ್‌ನಲ್ಲಿ ಈ ಪ್ರಯೋಗ ಬೇಡ.

ಮನೆಯವರು ಗಮನಿಸಬೇಕಾದದ್ದು:

* ಬಣ್ಣದ ಕೆಲಸ ಬಯಲಿನಲ್ಲೇ ನಡೆಯಲಿ. ಮಕ್ಕಳು, ಗರ್ಭಿಣಿಯರು, ಅಸ್ತಮಾ ಇರುವವರು ದೂರವಿರಲಿ.
* ಹಳೆಯ ಬಣ್ಣವನ್ನು ಒಣದಾಗಿ ಉಜ್ಜದೆ, ನೀರು ಹಾಕಿ ಉಜ್ಜಿ.
* ಕೈ ತೊಳೆಯಲು ಥಿನ್ನರ್, ಪೆಟ್ರೋಲ್ ಬೇಡ. ಕೈಗವಸು ಧರಿಸಿ, ಸಾಬೂನು ಬಳಸಿ.
* ಉಳಿದ ಥಿನ್ನರನ್ನು ನೀರಿನ ಬಾಟಲಿಯಲ್ಲಿ ಇಡಬೇಡಿ. ಮಕ್ಕಳು ಕುಡಿದಾರು. ಕುಡಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮ್ಮ ಮಗನೋ ತಮ್ಮನೋ ಗ್ಯಾರೇಜಿನಲ್ಲಿ ದುಡಿಯುತ್ತಿದ್ದು, ರಾತ್ರಿ ಕೆಮ್ಮುತ್ತಿದ್ದರೆ ಕೆಮ್ಮಿನ ಔಷಧ ಕುಡಿಸಿ ಸುಮ್ಮನಾಗಬೇಡಿ. ವೈದ್ಯರ ಬಳಿ ಕರೆದೊಯ್ದು, ಅವನು ಮಾಡುವ ಕೆಲಸವನ್ನು ಮೊದಲು ಹೇಳಿ. ಹಾರ್ಡನರಿನ ಸಂಪರ್ಕ ಬೇಗ ತಪ್ಪಿಸಿದಷ್ಟೂ ಶ್ವಾಸಕೋಶ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ತಡಮಾಡಿದರೆ ಉಬ್ಬಸ ಜೀವನಪರ್ಯಂತ ಉಳಿಯಬಹುದು.