ಬದುವಿಗೆ ಫೋನಿನ ಮಟ್ಟ ನಂಬುವ ಮುನ್ನ

ನೊಣವಿನಕೆರೆಯ ಸುತ್ತ ನಮ್ಮಂಥ ಮಳೆಯಾಶ್ರಿತ ರೈತರು ತೋಟಕ್ಕೆ ಬದು ಹಾಕಿಸುವಾಗ ಈಗ ಹೊಸ ರೂಢಿಯೊಂದು ಶುರುವಾಗಿದೆ. ಮಟ್ಟ ನೋಡಬೇಕೆಂದರೆ ಜೇಬಿನಿಂದ ಸ್ಮಾರ್ಟ್‌ಫೋನ್ ತೆಗೆಯುತ್ತಾರೆ. ಅದರಲ್ಲಿ ರಸಮಟ್ಟದ ಹಾಗೆ ಗುಳ್ಳೆ ತೋರಿಸುವ ಆಪ್ ಇದೆ. ಗುಳ್ಳೆ ನಡುವಿಗೆ ಬಂದು ಸೊನ್ನೆ ಡಿಗ್ರಿ ಅಂತ ಕಂಡರೆ 'ಮಟ್ಟ ಸರಿಯಾಯ್ತು' ಅಂತ ಜೆಸಿಬಿಯವರಿಗೆ ಕೈ ಬೀಸುತ್ತಾರೆ. ಆ ಸೊನ್ನೆ ನಿಜವಾದ ಸೊನ್ನೆಯೋ ಅಂತ ಕೇಳುವವರು ಕಡಿಮೆ. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಇದನ್ನು ಪರೀಕ್ಷೆ ಮಾಡೋಕೆ ಅಷ್ಟು ಓದು ಸಾಕು. ಮಾಡಿ ನೋಡಿದ್ದನ್ನು ಬರೆಯುತ್ತಿದ್ದೇನೆ.

ಮಟ್ಟ ಯಾಕೆ ಅಷ್ಟು ಮುಖ್ಯ?

ನಮ್ಮ ಕಡೆ ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಮಳೆ. ಅದರಲ್ಲೂ ಜೋರು ಮಳೆ ಬರೋದು ಉತ್ತರೆ, ಹಸ್ತ, ಚಿತ್ತೆಯಲ್ಲಿ. ಒಂದೆಕರೆಗೆ ಒಂದಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿನೇಳು ಲೋಡು! ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ ನೀರು ಹಸ್ತದಲ್ಲಿ ಒಂದೇ ಸಂಜೆ ನಮ್ಮ ಕಣ್ಣ ಮುಂದೆಯೇ ಹಳ್ಳಕ್ಕೆ ಹೋಗುತ್ತೆ.

ತೆಂಗು ಬರದ ಏಟನ್ನು ಬೇಗ ಮರೆಯುವ ಮರವಲ್ಲ. ಸುಳಿಯೊಳಗೆ ಹೊಂಬಾಳೆಯ ಮೊಳಕೆ ಹುಟ್ಟಿ, ಅದು ಹೊರಬಂದು, ಕಾಯಿ ಬಲಿಯುವ ತನಕ ಮೂರು ವರ್ಷಕ್ಕೂ ಹೆಚ್ಚು ಕಾಲ ಬೇಕು. ಹಾಗಾಗಿ ಒಂದು ವರ್ಷ ಒಣಗಿದ್ದು ಮುಂದಿನ ಮೂರು ವರ್ಷದ ಕೊಬ್ಬರಿ ಲೆಕ್ಕದಲ್ಲಿ ಕಾಣುತ್ತೆ. ತಿಪಟೂರು ಮಾರ್ಕೆಟ್ಟಿಗೆ ಉಂಡೆ ಕೊಬ್ಬರಿ ಹಾಕುವ ಎಲ್ಲರಿಗೂ ಇದು ಗೊತ್ತು.

ಅದಕ್ಕೇ ಉದಿ ತೋಡಿ, ಆ ಮಣ್ಣನ್ನೇ ಕೆಳಮಗ್ಗುಲಿಗೆ ಏರಿಸಿ ಬದು ಮಾಡೋದು. 2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮಂಜೂರಾದ ಸುಜಲ ಜಲಾನಯನ ಯೋಜನೆ ನಮ್ಮ ತುಮಕೂರು ಜಿಲ್ಲೆಯೂ ಸೇರಿ ಐದು ಜಿಲ್ಲೆಗಳಲ್ಲಿ ನಡೆಯಿತು. ಬದು, ಕೃಷಿಹೊಂಡದ ಮಾತು ನಮಗೆ ಹೊಸದೇನಲ್ಲ. ಆದರೆ ಬದು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಹೋಗಬೇಕು. ಕೆರೆಯ ಏರಿ ಎಷ್ಟೇ ಎತ್ತರ ಇರಲಿ, ನೀರು ನಿಲ್ಲೋದು ಕೋಡಿ ಮಟ್ಟಕ್ಕೆ. ಬದುವಿನ ಲೆಕ್ಕವೂ ಅದೇ. ಎಲ್ಲಿ ತಗ್ಗೋ ಅಲ್ಲೇ ಅದರ ಕೋಡಿ. ನೀರೆಲ್ಲ ಅಲ್ಲಿಗೆ ನುಗ್ಗಿ, ಏರಿ ಕಿತ್ತು, ಕೊರಕಲು ಮಾಡಿಕೊಂಡು ಹೋಗುತ್ತೆ.

ಪಕ್ಕದ ಊರಿನ ರೈತರೊಬ್ಬರಿಗೆ ಹೀಗೇ ಆಯ್ತು. ಫೋನಿನಲ್ಲಿ ಮಟ್ಟ ನೋಡಿ ಬದು ಹಾಕಿಸಿದ್ದರು. ಜೆಸಿಬಿಗೆ ಗಂಟೆಗೆ ಸಾವಿರದ ಮೇಲೆ ಬಾಡಿಗೆ. ಹಸ್ತದ ಎರಡನೇ ಮಳೆಗೆ ಉದಿಯ ಒಂದು ತುದಿ ಒಣಗಿಕೊಂಡೇ ಇತ್ತು, ಇನ್ನೊಂದು ತುದಿ ತುಂಬಿ ಒಡೆಯಿತು. ಎರಡು ವರ್ಷದ ಆರು ಸಸಿಗಳು ಬೇರು ಬಿಟ್ಟುಕೊಂಡು ಮಲಗಿದವು. ಬದು ಇಲ್ಲದಿದ್ದರೆ ನೀರು ಹರಡಿಕೊಂಡಾದರೂ ಹೋಗುತ್ತಿತ್ತು. ಮಟ್ಟ ತಪ್ಪಿದ ಬದು ಅದನ್ನೆಲ್ಲ ಒಂದು ಕಡೆಗೆ ಕೂಡಿಹಾಕಿ ಬಿಟ್ಟಿತು.

ಜಗಲಿ ಮೇಲೆ ಪರೀಕ್ಷೆ

ನಮ್ಮ ಮೇಲಿನ ಹೊಲಕ್ಕೆ ಬದು ಹಾಕುವ ಮಾತು ಬಂದಾಗ ಮಗ ಹೊಸ ಫೋನ್ ತಂದಿದ್ದ. 'ಅಪ್ಪಾಜಿ, ಇದರಲ್ಲೇ ಎಲ್ಲಾ ಐತೆ' ಅಂದ. 'ಇರಲಿ ಕಣಪ್ಪ, ಮೊದಲು ಅದರ ಸಾಚಾತನ ನೋಡೋಣ' ಅಂತ ಜಗಲಿಯ ಕಲ್ಲಿನ ಮೇಲೆ ಇಡಿಸಿದೆ. ಫೋನಿನ ತಲೆಯ ಕಡೆ 1.1 ಡಿಗ್ರಿ ಎತ್ತರ ಅಂತ ತೋರಿಸಿತು. ಅದೇ ಜಾಗದಲ್ಲಿ ತಲೆ ಬುಡ ತಿರುಗಿಸಿ ಇಟ್ಟೆವು. ಕಲ್ಲು ಒಂದೇ, ಜಾಗ ಒಂದೇ. ಫೋನ್ ಸರಿಯಿದ್ದರೆ ಈಗ ಅದರ ತಲೆಯ ಕಡೆ ಅಷ್ಟೇ ತಗ್ಗು ತೋರಿಸಬೇಕು. ಅದು ಮತ್ತೂ ತಲೆಯೇ 0.5 ಡಿಗ್ರಿ ಎತ್ತರ ಅಂತು!

ಲೆಕ್ಕ ಸುಲಭ. ಎರಡೂ ಸಲ ಫೋನಿನ ಒಂದೇ ಕಡೆ ಎತ್ತರ ತೋರಿಸಿದರೆ ಎರಡನ್ನೂ ಕೂಡಿಸಿ ಅರ್ಧ ಮಾಡಿ. 1.1ಕ್ಕೆ 0.5 ಕೂಡಿಸಿದರೆ 1.6, ಅದರರ್ಧ 0.8. ಅದು ಫೋನಿನ ತಪ್ಪು. ಕಳೆದು ಅರ್ಧ ಮಾಡಿದರೆ 0.3. ಅದು ಕಲ್ಲಿನ ನಿಜವಾದ ವಾಟ. ತಿರುಗಿಸಿದಾಗ ಫೋನಿನ ಬೇರೆ ಕಡೆ ಎತ್ತರ ತೋರಿಸಿದರೆ ಲೆಕ್ಕ ಅದಲುಬದಲು: ಕಳೆದು ಅರ್ಧ ಮಾಡಿದ್ದು ತಪ್ಪು, ಕೂಡಿಸಿ ಅರ್ಧ ಮಾಡಿದ್ದು ವಾಟ. ಮನೆಯಾಕೆಯ ಹಳೇ ಫೋನನ್ನೂ ಹೀಗೇ ನೋಡಿದೆವು. ಅದರ ತಪ್ಪು ಬರೀ 0.1. ಹೊಸದು ಅಂದ ಮಾತ್ರಕ್ಕೆ ಸರಿ ಅಂತೇನಿಲ್ಲ.

0.8 ಡಿಗ್ರಿ ಏನು ಮಹಾ ಅನ್ನಬೇಡಿ. ಒಂದು ಡಿಗ್ರಿ ತಪ್ಪಿದರೆ ಒಂದು ಮೀಟರಿಗೆ ಒಂದೂಮುಕ್ಕಾಲು ಸೆಂಟಿಮೀಟರ್ ತಪ್ಪುತ್ತೆ. ಮೂರು ಮೀಟರಿನ ಅಲ್ಯುಮಿನಿಯಂ ಪಟ್ಟಿಯ ಮೇಲೆ ಫೋನ್ ಇಟ್ಟು, ಹತ್ತು ಸಲ ಸರಿಸಿ ಮೂವತ್ತು ಮೀಟರ್ ಗುರುತು ಹಾಕಿದೆವು. ಆಮೇಲೆ ನೀರಿನ ಪೈಪ್ ಹಿಡಿದು ನೋಡಿದರೆ ಎರಡು ತುದಿಗೂ ಹದಿನಾರು ಇಂಚು ವ್ಯತ್ಯಾಸ. ಏರಿಸುವ ಬದುವೇ ಒಂದೂವರೆ ಅಡಿ! ಇನ್ನೊಂದು ಮಾತು. ನೂರಡಿಗೆ ಒಂದಡಿ ಇಳಿಜಾರು ಅಂದರೆ ಬರೀ 0.57 ಡಿಗ್ರಿ. ಅಂಥ ಹೊಲದಲ್ಲಿ ಭೂಮಿಯ ಇಳಿಜಾರಿಗಿಂತ ಈ ಫೋನಿನ ತಪ್ಪೇ ದೊಡ್ಡದು.

ಫೋನಿನೊಳಗೆ ಏನಿದೆ?

ಫೋನಿನಲ್ಲಿ ನಿಜವಾದ ಗುಳ್ಳೆ ಇಲ್ಲ. ಒಳಗೆ ಸಾಸಿವೆ ಕಾಳಿನಂಥ ಒಂದು ಚಿಪ್ಪಿದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತೂಕವನ್ನು ಸ್ಪ್ರಿಂಗಿನ ಹಾಗೆ ತೂಗುಬಿಟ್ಟಿರುತ್ತಾರೆ. ಫೋನ್ ವಾಲಿದರೆ ಭೂಮಿಯ ಸೆಳೆತಕ್ಕೆ ಆ ತೂಕ ಒಂದಿಷ್ಟು ಜರುಗುತ್ತೆ. ಎಷ್ಟು ಜರುಗಿತು ಅಂತ ವಿದ್ಯುತ್ತಿನಿಂದ ಅಳೆದು ಡಿಗ್ರಿಯಾಗಿ ತೋರಿಸುತ್ತೆ. ನಮ್ಮ ಗಾರೆಯವರ ತೂಗುಗುಂಡಿನ ಮೊಮ್ಮಗ ಅಂದುಕೊಳ್ಳಿ. ಹೆಜ್ಜೆ ಎಣಿಸೋದು, ಫೋನ್ ಅಡ್ಡ ಹಿಡಿದರೆ ಚಿತ್ರ ತಿರುಗೋದು, ಎಲ್ಲಕ್ಕೂ ಇದೇ.

ಈ ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕುವಾಗಿನ ಬಿಸಿ, ಎಳೆತಕ್ಕೆ ಅದರ ಸೊನ್ನೆ ಕೊಂಚ ಆಚೀಚೆ ಆಗುತ್ತೆ. ಭೂಮಿಯ ಸೆಳೆತದ ಸಾವಿರದಲ್ಲಿ ನಲವತ್ತು ಪಾಲು ತಪ್ಪಿದರೂ 2.3 ಡಿಗ್ರಿ ಹೋಯಿತು. ಅದನ್ನು ಕಾರ್ಖಾನೆಯಲ್ಲೋ ಸಾಫ್ಟ್‌ವೇರಿನಲ್ಲೋ ಸರಿಹೊಂದಿಸಬೇಕು. ದೊಡ್ಡ ಕಂಪೆನಿಗೂ ಇದು ತಪ್ಪಿದ್ದುಂಟು. 2013ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪೆನಿಯ ಐಫೋನ್ 5ಎಸ್ ಬಂದಾಗ, ಮಟ್ಟ ಎರಡು ಮೂರು ಡಿಗ್ರಿ ತಪ್ಪು ತೋರಿಸುತ್ತೆ ಅಂತ ಕೊಂಡವರು ದೂರಿದರು. ಅಕ್ಟೋಬರ್ 22ರಂದು ಐಓಎಸ್ 7.0.3 ಅನ್ನುವ ಸಾಫ್ಟ್‌ವೇರ್ ಬಿಟ್ಟು ಅದನ್ನು ಸರಿಪಡಿಸಿದರು. ಹಾಗಾಗಿ ಫೋನಿಗೆ ಬರುವ ಅಪ್ಡೇಟ್ ಹಾಕಿಸಿಕೊಳ್ಳಿ. ಆಪ್‌ನಲ್ಲಿ 'ಕ್ಯಾಲಿಬ್ರೇಟ್' ಅಂತ ಇದ್ದರೆ, ಪರೀಕ್ಷಿಸಿದ ಮಟ್ಟದ ಜಾಗದಲ್ಲಿ ಇಟ್ಟು ಸೊನ್ನೆ ಕೂರಿಸಿ.

ಒಳಗಿನದು ಸರಿಯಿದ್ದರೂ ಹೊರಗಿನದು ಕೆಡಿಸುತ್ತೆ. ಈಗಿನ ಫೋನುಗಳ ಬೆನ್ನಿಗೆ ಕ್ಯಾಮೆರಾದ ಗುಬ್ಬಿ ಇದೆ. ಹದಿನೈದು ಸೆಂಟಿಮೀಟರ್ ಉದ್ದದ ಫೋನಿಗೆ ಒಂದು ತುದಿಯಲ್ಲಿ ಎರಡು ಮಿಲಿಮೀಟರ್ ಎತ್ತರ ಸಿಕ್ಕಿದರೆ ಮುಕ್ಕಾಲು ಡಿಗ್ರಿ ವಾಟ! ಕವರ್ ಹರಿದು ಉಬ್ಬಿದ್ದರೂ ಹಾಗೇ. ಫೋನನ್ನು ಮಲಗಿಸದೆ ಕವರ್ ತೆಗೆದು ಉದ್ದಬದಿಯ ಮೇಲೆ ನಿಲ್ಲಿಸಿ ನೋಡೋದು ವಾಸಿ. ಆಗಲೂ ಅತ್ತಿಂದಿತ್ತ ತಿರುಗಿಸಿ ನೋಡಲೇಬೇಕು.

ಎತ್ತರ ಹೇಳುವ ಆಪ್

ಇನ್ನು ಕೆಲವರು ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ತೋರಿಸುವ ಆಪ್ ಹಿಡಿದು ಹೊಲದ ಎರಡು ತುದಿಗೂ ಓಡಾಡುತ್ತಾರೆ. ಅದು ಬದುವಿಗೆ ಆಗೋದೇ ಇಲ್ಲ. ಉಪಗ್ರಹದಿಂದ ಫೋನಿಗೆ ಸಿಗುವ ಎತ್ತರ ಹಲವು ಮೀಟರ್ ಆಚೀಚೆ ಇರುತ್ತೆ. ತೆಂಗಿನ ಗರಿಯ ಕೆಳಗೆ ನಿಂತರೆ ಇನ್ನೂ ಕಷ್ಟ. ಜೊತೆಗೆ ಉಪಗ್ರಹದವರು ಲೆಕ್ಕಕ್ಕಿಟ್ಟುಕೊಂಡ ಭೂಮಿಯ ಮೈ ಬೇರೆ, ನಾವು ಹೇಳುವ ಸಮುದ್ರಮಟ್ಟ ಬೇರೆ. ನಮ್ಮ ದಕ್ಷಿಣದ ಕಡೆ ಇವೆರಡಕ್ಕೂ ಎಂಬತ್ತು ಮೀಟರಿಗೂ ಹೆಚ್ಚು ಅಂತರ ಇದೆ. ಒಂದು ಆಪ್ ಅದನ್ನು ಸರಿಮಾಡಿ ಹೇಳುತ್ತೆ, ಇನ್ನೊಂದು ಹೇಳೋಲ್ಲ. ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಫೋನುಗಳೂ ಇವೆ. ಒತ್ತಡ ಒಂದು ಮಿಲಿಬಾರ್ ಬದಲಾದರೆ ಎಂಟು ಮೀಟರಿಗೂ ಹೆಚ್ಚು ವ್ಯತ್ಯಾಸ. ಮೋಡ ಕವಿದರೆ ಸಾಕು, ನಿಂತಲ್ಲೇ ಹೊಲ ಏರಿ ಇಳಿಯುತ್ತೆ.

ನೀರೇ ಮಟ್ಟ

ಬದುವಿಗೆ ನಾವು ಕೊನೆಗೂ ಹಿಡಿದದ್ದು ಗಾರೆಯವರ ಲೆವೆಲ್ ಪೈಪನ್ನೇ. ಹದಿನೈದು ಮೀಟರ್ ಪಾರದರ್ಶಕ ಪೈಪಿಗೆ ಇನ್ನೂರು ಮುನ್ನೂರು ರೂಪಾಯಿ. ಒಂದೇ ಅಳತೆಯ ಎರಡು ಕೋಲಿಗೆ ಇಂಚು ಗುರುತು ಮಾಡಿ ತುದಿಗಳನ್ನು ಕಟ್ಟಿ. ನಿಧಾನಕ್ಕೆ ನೀರು ತುಂಬಿಸಿ, ಒಳಗೆ ಗಾಳಿಗುಳ್ಳೆ ಒಂದೂ ಉಳಿಯಬಾರದು. ಎರಡು ಕೋಲನ್ನೂ ಒಂದೇ ಜಾಗದಲ್ಲಿ ನಿಲ್ಲಿಸಿ ನೀರು ಒಂದೇ ಗೆರೆಗೆ ನಿಂತಿದೆಯೇ ನೋಡಿಕೊಳ್ಳಿ. ಆಮೇಲೆ ಒಬ್ಬರು ನಿಂತಲ್ಲೇ ನಿಲ್ಲಲಿ. ಇನ್ನೊಬ್ಬರು ಮುಂದೆ ಹೋಗಿ, ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ಬರುವ ತನಕ ಮೇಲೆ ಕೆಳಗೆ ಸರಿಯಲಿ. ಸಿಕ್ಕಿದ ಜಾಗಕ್ಕೆ ಗೂಟ. ನಡೆಯುವಾಗ ಎರಡೂ ಬಾಯಿ ಹೆಬ್ಬೆರಳಲ್ಲಿ ಮುಚ್ಚಿ. ಒಂದು ಭಾಗ ಬಿಸಿಲಿಗೆ ಕಾದು ಇನ್ನೊಂದು ನೆರಳಲ್ಲಿದ್ದರೆ ನೀರಿನ ಮಟ್ಟವೂ ಕೊಂಚ ಹೆಚ್ಚುಕಮ್ಮಿ ಆಗುತ್ತೆ. ಬೆಳಗಿನ ಹೊತ್ತು ಒಳ್ಳೇದು.

ಒಬ್ಬರೇ ಇದ್ದರೆ 'ಎ' ಚೌಕಟ್ಟು ಸಾಕು. ಏಳಡಿಯ ಎರಡು ಬಿದಿರು, ನಡುವೆ ಅಡ್ಡಪಟ್ಟಿ, ತಲೆಯಿಂದ ಕಲ್ಲು ಕಟ್ಟಿದ ದಾರ. ದಾರ ಅಡ್ಡಪಟ್ಟಿಗೆ ತಾಗಿದ ಕಡೆ ಗೀಟು ಹಾಕಿ. ಕಾಲುಗಳನ್ನು ಅದೇ ಎರಡು ಗುಳಿಯಲ್ಲಿ ಅದಲುಬದಲು ಮಾಡಿ ಇನ್ನೊಂದು ಗೀಟು ಹಾಕಿ. ಎರಡರ ನಟ್ಟನಡುವೆಯೇ ಮಟ್ಟ. ನೋಡಿದಿರಾ, ಫೋನಿಗೆ ಮಾಡಿದ ಪರೀಕ್ಷೆಯೇ ಇದು. ಬಿದಿರಿನ ಕಾಲು ಗಿಡ್ಡ ಉದ್ದ ಇದ್ದರೂ ತಿರುಗಿಸಿ ಇಟ್ಟರೆ ತಪ್ಪು ತಾನೇ ಹೊರಗೆ ಬರುತ್ತೆ.

ಫೋನೇ ಬೇಕು ಅನ್ನುವವರು ಉದ್ದ ಪಟ್ಟಿಯ ಮೇಲೆ ಇಟ್ಟು, ಒಂದು ಹೆಜ್ಜೆಗೆ ಹೀಗೆ, ಮುಂದಿನ ಹೆಜ್ಜೆಗೆ ತಿರುಗಿಸಿ ಇಡುತ್ತಾ ಹೋಗಲಿ. ಒಂದರ ತಪ್ಪು ಇನ್ನೊಂದಕ್ಕೆ ವಜಾ ಆಗುತ್ತೆ. ಉದ್ದ ಬದುವಾದರೆ ಡಂಪಿ ಲೆವೆಲ್ ಇರುವವರನ್ನು ಕರೆಸೋದೇ ಸರಿ.

ಮಳೆ ಮುನ್ಸೂಚನೆಗೆ, ಕೊಬ್ಬರಿ ಧಾರಣೆಗೆ, ರೋಗ ಬಂದ ಗರಿಯ ಫೋಟೋ ಕಳಿಸೋಕೆ ಫೋನ್ ಬೇಕೇ ಬೇಕು. ಬದುವಿನ ಕೆಲಸಕ್ಕೆ ಮಾತ್ರ ಜೆಸಿಬಿ ಬರುವ ಹಿಂದಿನ ದಿನವೇ ಅದನ್ನು ತಿರುಗಿಸಿ ಇಟ್ಟು ನೋಡಿ. ಹಾಕಿದ ಗೂಟಗಳನ್ನು ಪೈಪ್ ಹಿಡಿದು ಇನ್ನೊಮ್ಮೆ ಸರಿನೋಡಿ. ಅರ್ಧ ದಿನದ ಕೆಲಸ. ಬದು ಆದ ಮೇಲೆ ಮೊದಲ ಹದಮಳೆಗೆ ಕೊಡೆ ಹಿಡಿದು ಹೊಲಕ್ಕೆ ಹೋಗಿ, ಉದಿಯಲ್ಲಿ ನೀರು ಎಲ್ಲಿ ನಿಂತಿದೆ, ಎಲ್ಲಿ ನಿಂತಿಲ್ಲ ನೋಡಿ. ತಗ್ಗು ಕಂಡ ಕಡೆ ಅಂದೇ ನಾಲ್ಕು ಮಂಕರಿ ಮಣ್ಣು ಹಾಕಿದರೆ ಹಸ್ತದ ಮಳೆಗೆ ಬದು ನಿಲ್ಲುತ್ತೆ.