ಹಳೆ ರಸ್ತೆ ಓದಿಸುವ ಸವಾರಿ

ಅಮೆರಿಕದ ರೂಟ್ 66 ಎಂಬ ಹೆದ್ದಾರಿ ಅಲ್ಲಿನ ಸರಕಾರದ ಪಟ್ಟಿಯಲ್ಲಿ ಈಗ ಇಲ್ಲ. 1926ರ ನವೆಂಬರ್ 11ರಂದು ಗೊತ್ತುಪಡಿಸಿದ ಈ ರಸ್ತೆ ಶಿಕಾಗೋದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾವರೆಗೆ ಎಂಟು ರಾಜ್ಯಗಳನ್ನು ಹಾದು ಸುಮಾರು 3,940 ಕಿ.ಮೀ. ಓಡುತ್ತಿತ್ತು. ಅಗಲವಾದ ಅಂತರರಾಜ್ಯ ಹೆದ್ದಾರಿಗಳು ಬಂದ ಮೇಲೆ, 1985ರ ಜೂನ್‌ನಲ್ಲಿ, ಅದರ ನಂಬರನ್ನೇ ರದ್ದು ಮಾಡಿದರು. ನಂಬರು ಹೋದ ಮೇಲೆ ಹೆಸರು ಇನ್ನಷ್ಟು ಬೆಳೆಯಿತು. ನಾನಾ ದೇಶಗಳ ಸವಾರರು ಶಿಕಾಗೋದಲ್ಲಿ ವಿಮಾನ ಇಳಿದು, ಹಾರ್ಲೆ ಡೇವಿಡ್‌ಸನ್ ಬೈಕು ಬಾಡಿಗೆಗೆ ಹಿಡಿದು, ಒಬ್ಬ ಮಾರ್ಗದರ್ಶಿಯ ಹಿಂದೆ ಗುಂಪಾಗಿ ಸುಮಾರು ಎರಡು ವಾರ ಪಶ್ಚಿಮಕ್ಕೆ ಸಾಗುತ್ತಾರೆ. ಇಲ್ಲದ ರಸ್ತೆಯಲ್ಲಿ ಹೋಗಲು ದುಡ್ಡು ಸುರಿಯುವವರನ್ನು ಕಂಡು ನಗಬಹುದು. ಆದರೆ ಅದೇ ಅಂಕಿಯ ಹೆದ್ದಾರಿಯಲ್ಲಿ ದಿನಬೆಳಗಾದರೆ ಪಂಪ್‌ವೆಲ್, ನಂತೂರು, ಕೂಳೂರು ದಾಟುವ ಮಂಗಳೂರಿನವರು ನಗುವ ಮೊದಲು ಆ ಪ್ರವಾಸ ನಡೆಯುವ ಬಗೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ನಮ್ಮ ಕರಾವಳಿಗೆ ಬೇಕಾಗಿಯೂ ಇಲ್ಲಿ ಇನ್ನೂ ಸರಿಯಾಗಿ ಬೇರೂರದ ಕಸುಬು ಅದು.

ಮಾರ್ಗದರ್ಶಿ ಸಹಿತ ಬೈಕ್ ಪ್ರವಾಸವೆಂದರೆ ಹತ್ತಿಪ್ಪತ್ತು ಬೈಕುಗಳು ಒಟ್ಟಿಗೆ ಗುಡುಗುತ್ತ ಹೋಗುವುದಲ್ಲ. ಅದಕ್ಕೆ ತನ್ನದೇ ಶಿಸ್ತಿದೆ. ಎಲ್ಲರ ಮುಂದಿರುವವನು ಲೀಡ್ ಸವಾರ. ದಾರಿ, ವೇಗ, ನಿಲುಗಡೆ ಮೂರೂ ಅವನ ತೀರ್ಮಾನ. ಕಟ್ಟಕಡೆಗೆ ಸ್ವೀಪ್ ಸವಾರ. ಅವನಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ಅವನ ಬೆನ್ನಿಗೆ ಲಗೇಜು, ಬಿಡಿಭಾಗ, ಮೆಕ್ಯಾನಿಕ್ಕನ್ನು ಹೊತ್ತ ಬ್ಯಾಕಪ್ ವ್ಯಾನು. ನೇರ ರಸ್ತೆಯಲ್ಲಿ ಒಬ್ಬ ಎಡಕ್ಕಾದರೆ ಹಿಂದಿನವನು ಬಲಕ್ಕೆ, ಹೀಗೆ ಓರೆಸಾಲು. ತಿರುವು ಬಂದರೆ ಒಂಟಿಸಾಲು. ಕವಲುದಾರಿ ಬಂದಾಗ ಲೀಡ್‌ನ ಹಿಂದಿರುವ ಎರಡನೆಯ ಸವಾರ ಅಲ್ಲೇ ನಿಂತು ಉಳಿದವರಿಗೆ ದಾರಿ ತೋರಿಸುತ್ತಾನೆ, ಸ್ವೀಪ್ ಬಂದ ಮೇಲೆ ಗುಂಪು ಸೇರುತ್ತಾನೆ. ಮುಂದಿನ ಕವಲಿನಲ್ಲಿ ಆ ಕೆಲಸ ಇನ್ನೊಬ್ಬನಿಗೆ. ಮೊಬೈಲ್ ಸಿಗ್ನಲ್ ಇಲ್ಲದ ಊರಲ್ಲೂ ಯಾರೊಬ್ಬರೂ ದಾರಿ ತಪ್ಪದಂತೆ ಮಾಡಿದ ಸರಳ ಉಪಾಯವಿದು. ಪೆಟ್ರೋಲಿಗೆ ನಿಲ್ಲುವುದು ಗುಂಪಿನ ಅತಿ ಚಿಕ್ಕ ಟ್ಯಾಂಕಿನ ಲೆಕ್ಕದಲ್ಲಿ, ಓಡುವುದು ಅತಿ ಕಡಿಮೆ ಅನುಭವದ ಸವಾರನ ವೇಗದಲ್ಲಿ. ಇದೆಲ್ಲ ಕಲಿಯಬಹುದಾದ ಸಂಗತಿ. ಲೀಡ್ ಸವಾರನ ನಿಜವಾದ ಬಂಡವಾಳ ಬೇರೆ: ಹೆದ್ದಾರಿಯನ್ನು ಎಲ್ಲಿ ಬಿಡಬೇಕು, ಬಿಟ್ಟಮೇಲೆ ಏನನ್ನು ತೋರಿಸಬೇಕು ಎಂಬ ತಿಳಿವಳಿಕೆ.

ರೂಟ್ 66ರಲ್ಲಿ ಈ ತಿಳಿವಳಿಕೆಗೆ ಬೆಲೆ ಬಂದದ್ದು ಆ ರಸ್ತೆ ಇಡಿಯಾಗಿ ಉಳಿಯದ ಕಾರಣಕ್ಕೆ. ಬಳಕೆಯಲ್ಲಿದ್ದಾಗಲೇ ಅದು ಹಲವು ಸಲ ಮಗ್ಗುಲು ಬದಲಿಸಿತ್ತು. 1937ರವರೆಗೆ ಸಾಂಟಾ ಫೆ ಊರನ್ನು ಬಳಸಿ ಹೋಗುತ್ತಿದ್ದದ್ದು ಆಮೇಲೆ ನೇರವಾಯಿತು. ಕೆಲವು ತುಂಡುಗಳ ಮೇಲೆ ಹೊಸ ಹೆದ್ದಾರಿ ಮಲಗಿದೆ, ಕೆಲವು ಹುಲ್ಲುಗಾವಲಿನಲ್ಲಿ ಕೊನೆಯಾಗುತ್ತವೆ. ಅರಿಜೋನಾದ ಸೆಲಿಗ್ಮನ್ ಎಂಬ ಪುಟ್ಟ ಊರನ್ನು 1978ರಲ್ಲಿ ಹೊಸ ಹೆದ್ದಾರಿ ಬದಿಗೆ ಸರಿಸಿದಾಗ ಅಲ್ಲಿನ ಅಂಗಡಿ, ಹೋಟೆಲುಗಳಿಗೆ ಗಿರಾಕಿಯೇ ಇಲ್ಲವಾಯಿತು. ಆ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಯೋ 1987ರಲ್ಲಿ ನೆರೆಹೊರೆಯವರನ್ನು ಕೂಡಿಸಿ ಸಂಘ ಕಟ್ಟಿ, ತಮ್ಮ ಭಾಗದ ಹಳೆ ರಸ್ತೆಯನ್ನು ಐತಿಹಾಸಿಕ ಎಂದು ರಾಜ್ಯ ಸರಕಾರ ಘೋಷಿಸುವಂತೆ ಮಾಡಿದರು. ಬೇರೆ ರಾಜ್ಯಗಳು ಅದನ್ನೇ ಹಿಡಿದವು. 1999ರಲ್ಲಿ ಅಮೆರಿಕದ ಸಂಸತ್ತು ರಸ್ತೆಯ ಸಂರಕ್ಷಣೆಗೆಂದೇ ಕಾಯ್ದೆ ಮಾಡಿತು. ಈ ಕ್ರಮವನ್ನು ಗಮನಿಸಬೇಕು. ಮೊದಲು ರಸ್ತೆಬದಿಯ ಜನ ಎದ್ದರು, ಆಮೇಲೆ ಪ್ರವಾಸಿಗರು ಬಂದರು, ಕೇಂದ್ರ ಸರಕಾರ ಬಂದದ್ದು ಎಲ್ಲರಿಗಿಂತ ತಡವಾಗಿ. ಬೈಕ್ ಪ್ರವಾಸ ಅಲ್ಲಿ ಹಳೆ ರಸ್ತೆಗೆ ಗಿರಾಕಿಗಳನ್ನು ತಂದುಕೊಡುವ ವ್ಯವಸ್ಥೆ. ಗಿರಾಕಿ ಇರುವವರೆಗೆ ರಸ್ತೆಯೂ ಇರುತ್ತದೆ.

ಈಗ ನಮ್ಮ ಅರವತ್ತಾರು. ಪನ್ವೇಲಿನಿಂದ ಕನ್ಯಾಕುಮಾರಿಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಹೋಗುವ ಈ ಹೆದ್ದಾರಿಗೆ 2010ರ ಮರುಸಂಖ್ಯೆಗೆ ಮೊದಲು ನಮ್ಮ ಭಾಗದಲ್ಲಿ ಇದ್ದ ನಂಬರು 17. ಅಂಕಿ ಹೊಂದಿದ್ದು ಬರೀ ಆಕಸ್ಮಿಕ, ಅದರ ಮೇಲೆ ಮಾತು ಕಟ್ಟುವುದನ್ನು ಜಾಹೀರಾತಿನವರಿಗೆ ಬಿಡೋಣ. ಚರಿತ್ರೆಯ ಸಾಕ್ಷ್ಯವೇ ಬೇಕಾದಷ್ಟಿದೆ. 1342ರ ಸುಮಾರಿಗೆ ಹೊನ್ನಾವರ, ಬಸರೂರು, ಬಾರ್ಕೂರುಗಳನ್ನು ಕಂಡು ಮಂಗಳೂರಿಗೆ ಬಂದ ಇಬ್ನ್ ಬತೂತ, ಗೋವೆಯಿಂದ ಕೊಲ್ಲಂವರೆಗಿನ ಕರಾವಳಿ ದಾರಿ ಉದ್ದಕ್ಕೂ ಮರದ ನೆರಳಿನಲ್ಲಿತ್ತೆಂದೂ, ಅರ್ಧರ್ಧ ಮೈಲಿಗೆ ಕೂರಲು ಮರದ ಚಪ್ಪರವೂ ಬಾವಿಯೂ ಅದನ್ನು ನೋಡಿಕೊಳ್ಳುವ ಆಳೂ ಇದ್ದನೆಂದೂ ಬರೆದಿದ್ದಾನೆ. 1801ರಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಇದೇ ಕರಾವಳಿಯ ಊರೂರು ಹಾದು, ಬೆಳೆ ಬದುಕುಗಳ ಲೆಕ್ಕ ಬರೆದುಕೊಂಡ. ಅವನ ಕಾಲಕ್ಕೂ, ಅವನಾದ ಮೇಲೆ ನೂರು ವರ್ಷಕ್ಕೂ, ಈ ದಾರಿ ನದಿಯಿಂದ ನದಿಗೆ ತುಂಡು ತುಂಡಾಗಿತ್ತು. ನೇತ್ರಾವತಿ, ಫಲ್ಗುಣಿ, ನಂದಿನಿ, ಶಾಂಭವಿ, ಸ್ವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ: ಪ್ರತಿಯೊಂದಕ್ಕೂ ಕಡವು, ದೋಣಿ, ಕಾಯುವಿಕೆ. ಇಲ್ಲಿನ ಮೊದಲ ಬಸ್ಸು, ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯದ್ದು, 1914ರಲ್ಲಿ ಓಡಿದ್ದು ಕರಾವಳಿಗುಂಟ ಅಲ್ಲ, ಬಂಟ್ವಾಳಕ್ಕೆ. ಹೊಳೆಗಳನ್ನು ನೋಡಿದರೆ ಅದರಲ್ಲಿ ಅಚ್ಚರಿಯಿಲ್ಲ. ಕರಾವಳಿಯನ್ನು ಒಂದೇ ರಸ್ತೆಯಾಗಿ ಹೊಲಿದದ್ದು ಸೇತುವೆಗಳು. ಈ ಹೆದ್ದಾರಿಯ ಚರಿತ್ರೆಯನ್ನು ಹೇಳಬೇಕಾದವನು ಸೇತುವೆಗಳ ಬಳಿ ನಿಂತೇ ಹೇಳಬೇಕು.

ಆ ಚರಿತ್ರೆಯ ವಸ್ತುಗಳೇ ಈಗ ಒಂದೊಂದಾಗಿ ಕಳಚುತ್ತಿವೆ. ತಲಪಾಡಿಯಿಂದ ಮಾಜಾಳಿವರೆಗಿನ ಸುಮಾರು 280 ಕಿ.ಮೀ. ಚತುಷ್ಪಥವಾಗುವಾಗ ತಿರುವುಗಳು ನೇರವಾದವು, ಸಾಲುಮರಗಳು ಉರುಳಿದವು, ಪೇಟೆಗಳು ಮೇಲ್ಸೇತುವೆಯ ಬುಡಕ್ಕೋ ಸರ್ವಿಸ್ ರಸ್ತೆಯ ಬದಿಗೋ ಸರಿದವು. ಗಡಿಯಾಚೆ ಕಾಸರಗೋಡಿನಲ್ಲಿ ರಸ್ತೆ ಆರು ಪಥಕ್ಕೆ ಹಿಗ್ಗಿದೆ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಹೆದ್ದಾರಿಯಿಂದ ಕೂಗಳತೆಯಲ್ಲಿದ್ದರೂ ನೂರರ ವೇಗದಲ್ಲಿ ಹೋಗುವವನಿಗೆ ಅದರ ಸುಳಿವೂ ಸಿಗುವುದಿಲ್ಲ. ಹಲವು ನದಿಗಳ ಮೇಲೆ ಹಳೆಯ ಸೇತುವೆ ಒಂದು ದಿಕ್ಕಿನ ವಾಹನಗಳನ್ನೂ ಹೊಸದು ಇನ್ನೊಂದು ದಿಕ್ಕಿನವನ್ನೂ ಹೊರುತ್ತಿವೆ. ಕಾರವಾರದಲ್ಲಿ ಹೀಗೆ ದುಡಿಯುತ್ತಿದ್ದ ಕಾಳಿ ನದಿಯ ನಾಲ್ಕು ದಶಕದ ಸೇತುವೆ 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಹೊತ್ತಿಗೆ ಲಾರಿಯೊಂದರ ಸಮೇತ ಕುಸಿಯಿತು. ಅಗಲೀಕರಣ ಬೇಡವಾಗಿತ್ತೆಂದು ಹೇಳುವುದು ಸುಳ್ಳು ಭಾವುಕತೆ. ಆಂಬುಲೆನ್ಸಿಗೂ ಮೀನಿನ ಲಾರಿಗೂ ಅದು ಬೇಕು. ಆದರೆ ಪಕ್ಕಕ್ಕೆ ಬಿದ್ದ ಹಳೆ ರಸ್ತೆಯ ತುಂಡುಗಳಿಗೆ ಯಾರೂ ವಾರಸುದಾರರಿಲ್ಲ, ಹಾಗಾಗಿ ಅವು ಡಾಂಬರು ಕಿತ್ತು ಪಾರ್ಕಿಂಗ್ ಜಾಗವಾಗುತ್ತಿವೆ.

ಈ ತುಂಡುಗಳನ್ನು ಜೋಡಿಸಿ ಓದಿಸಲು ಬೈಕಿಗಿಂತ ತಕ್ಕ ವಾಹನವಿಲ್ಲ. ಪ್ರವಾಸಿ ಬಸ್ಸು ಹಳೆ ಪೇಟೆಯ ಓಣಿಯಲ್ಲಿ ತಿರುಗಲಾರದು. ಕಾರಿನ ಗಾಜು ಏರಿಸಿ ಕುಳಿತವನಿಗೆ ಮಲ್ಪೆಯ ಒಣಮೀನಿನ ವಾಸನೆಯೂ ಬೈಂದೂರು ದಾಟಿದ ಮೇಲಿನ ಗುಡ್ಡದ ಗಾಳಿಯೂ ಒಂದೇ. ಸೈಕಲು ಇನ್ನೂ ಚೆನ್ನ, ಆದರೆ ನಮ್ಮ ಸೆಕೆಯಲ್ಲಿ ದಿನಕ್ಕೆ ನೂರು ಕಿ.ಮೀ. ತುಳಿಯುವವರು ಎಷ್ಟು ಮಂದಿ? ಬೈಕು ಎಲ್ಲಿ ಬೇಕಾದರೂ ನಿಲ್ಲುತ್ತದೆ, ಗೂಡಂಗಡಿಯ ಎದುರೂ ನಿಲ್ಲುತ್ತದೆ. ಓಡುವಾಗ ಮಾತಾಡಲು ಆಗದ್ದರಿಂದ ಹೇಳುವುದನ್ನೆಲ್ಲ ನಿಲ್ಲಿಸಿಯೇ ಹೇಳಬೇಕು. ಹಾಗಾಗಿ ನಿಲುಗಡೆಗಳ ಆಯ್ಕೆಯಲ್ಲಿ ಮಾರ್ಗದರ್ಶಿಯ ಯೋಗ್ಯತೆ ಬಯಲಾಗುತ್ತದೆ. ಮಂಗಳೂರಿನಿಂದ ಬಡಗಿಗೆ ಹೊರಟವನು ಎಲ್ಲರೂ ಫೋಟೋ ತೆಗೆಯುವ ಮರವಂತೆಯಲ್ಲಿ, ಎಡಕ್ಕೆ ಕಡಲು ಬಲಕ್ಕೆ ಸೌಪರ್ಣಿಕಾ ಇರುವಲ್ಲಿ, ಹೇಗೂ ನಿಲ್ಲಿಸುತ್ತಾನೆ. ಆದರೆ 1901ರ ಕಾಪು ದೀಪಸ್ತಂಭ, ಹೆದ್ದಾರಿಯಿಂದ ಒಳಗೆ ಬಾರ್ಕೂರಿನ ಹಾಳುಬಿದ್ದ ಬಸದಿಗಳು, 1665ರಲ್ಲಿ ಶಿವಾಜಿಯ ನೌಕೆಗಳು ದಾಳಿಯಿಟ್ಟ ಬಸರೂರು, ಶಿವರಾಮ ಕಾರಂತರು ಹುಟ್ಟಿದ ಕೋಟ, ಅಘನಾಶಿನಿಯ ಬದಿಯ ಮಿರ್ಜಾನ್ ಕೋಟೆ, 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆ ಇವುಗಳಿಗೆ ಗುಂಪನ್ನು ತಿರುಗಿಸಲು ಓದು ಬೇಕು. ತೆಂಕಣಕ್ಕೆ ಹೊರಟರೆ ಕೆಳದಿಯ ಶಿವಪ್ಪ ನಾಯಕನ ಬೇಕಲ ಕೋಟೆಯವರೆಗೆ ಒಂದು ದಿನದ ಸುಖವಾದ ಓಟ. ಕಾಲವೂ ನಮ್ಮ ಕಡೆಗಿದೆ. ಮಳೆ ನಿಂತು ನವೆಂಬರಿನಿಂದ ಫೆಬ್ರವರಿವರೆಗೆ ಸವಾರಿಗೆ ಹೇಳಿ ಮಾಡಿಸಿದ ಹವೆ, ಅದೇ ತಿಂಗಳುಗಳಲ್ಲಿ ಯಕ್ಷಗಾನ ಮೇಳಗಳ ತಿರುಗಾಟವೂ ಕಂಬಳವೂ ಇರುತ್ತವೆ. ಹಗಲು ಸವಾರಿ ಮುಗಿಸಿ ರಾತ್ರಿ ಬಯಲಾಟದ ಎದುರು ಕೂರುವ ಅವಕಾಶ ಅರಿಜೋನಾದ ಯಾವ ಮಾರ್ಗದರ್ಶಿಗೂ ಇಲ್ಲ.

ಬೈಕು ನಮಗೆ ಹೊಸದಲ್ಲ, ಗುಂಪಾಗಿ ಹೋಗುವುದೂ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಜಾವಾ, ಯೆಜ್ಡಿಗಳನ್ನು ಉಜ್ಜಿ ಹೊಳೆಯಿಸಿ ಇಟ್ಟುಕೊಂಡವರು ಈ ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. 2013ರಲ್ಲಿ ಗೋವೆಯಲ್ಲಿ ಶುರುವಾದ ಇಂಡಿಯಾ ಬೈಕ್ ವೀಕ್‌ನಂಥ ಮೇಳಗಳಿಗೆ ಕೇರಳದಿಂದಲೂ ಇಲ್ಲಿಂದಲೂ ಸವಾರರು ಇದೇ ರಸ್ತೆಯಲ್ಲಿ ಹೋಗುತ್ತಾರೆ. ಆದರೆ ಅವರ ಪಾಲಿಗೆ ಕರಾವಳಿ ಬರೀ ನಡುವಿನ ದೂರ. ಬೆಳಗಿನ ಜಾವ ಮಂಗಳೂರು ಬಿಟ್ಟು ಊಟಕ್ಕೆ ಗೋವೆ ಎನ್ನುವುದು ಹೆಮ್ಮೆಯ ಮಾತಾಗುತ್ತದೆ. ಎಷ್ಟು ಬೇಗ ಮುಟ್ಟಿದೆವು ಎಂಬುದರಲ್ಲಿ ಅಳೆಯುವ ಸವಾರಿಗೆ ಮಾರ್ಗದರ್ಶಿ ಬೇಕಿಲ್ಲ. ಅಂಥ ಸವಾರಿಯಿಂದ ಪೆಟ್ರೋಲ್ ಪಂಪುಗಳನ್ನು ಬಿಟ್ಟರೆ ರಸ್ತೆಬದಿಯ ಯಾರಿಗೂ ಕಾಸಿನ ಲಾಭವಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಜೀವದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಸುಮಾರು 1.68 ಲಕ್ಷ ಜನರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಗ್ಯಾಸ್ ಟ್ಯಾಂಕರು, ವಿರುದ್ಧ ದಿಕ್ಕಿನಲ್ಲಿ ಬರುವ ರಿಕ್ಷಾ, ಡಿವೈಡರಿನ ಸಂದಿಯಿಂದ ನುಗ್ಗುವ ದನ ಇರುವ ರಸ್ತೆಗೆ ಇನ್ನಷ್ಟು ಬೈಕುಗಳನ್ನು ಕರೆಯುವುದು ಹೊಣೆಗೇಡಿತನ ಅಲ್ಲವೇ? ಆದರೆ ಬೈಕುಗಳು ಕರೆಯದೆಯೂ ಬರುತ್ತಿವೆ. ಲೀಡ್, ಸ್ವೀಪ್, ಬ್ಯಾಕಪ್ ವ್ಯಾನು ಇಲ್ಲದೆ, ರಾತ್ರಿಯೂ ಬರುತ್ತಿವೆ. ದಿನಕ್ಕೆ ನೂರಿಪ್ಪತ್ತು ಕಿ.ಮೀ. ಮೀರದ, ಹಗಲಲ್ಲೇ ಮುಗಿಯುವ, ಅರ್ಧಕ್ಕರ್ಧ ಹಳೆ ರಸ್ತೆಯಲ್ಲೇ ಸಾಗುವ ಪ್ರವಾಸ ಆ ಅಪಾಯವನ್ನು ಪೂರ್ತಿ ಅಳಿಸುವುದಿಲ್ಲ, ಖಂಡಿತ ತಗ್ಗಿಸುತ್ತದೆ. ಒಂದು ಷರತ್ತು ಮಾತ್ರ ಕಟ್ಟುನಿಟ್ಟಾಗಿರಲಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸವಾರಿ ಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ನೆಲದಲ್ಲಿ ಮಳೆಗಾಲದ ಸಾಹಸ ಎಂಬ ಜಾಹೀರಾತು ಅವಿವೇಕ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ರೂಟ್ 66 ಅಮೆರಿಕದವರಿಗೆ ಕಳೆದ ಕಾಲದ ನೆನಪಿನ ಸುಖ ಇರಬಹುದು. ನಮಗೆ ಹೆದ್ದಾರಿಯೆಂದರೆ ಕಳೆದುಕೊಂಡ ಜಾಗ, 2010ರಲ್ಲಿ ಶುರುವಾಗಿ 2020ರ ಜನವರಿಯಲ್ಲಿ ಮುಗಿದ ಪಂಪ್‌ವೆಲ್ ಮೇಲ್ಸೇತುವೆ, ಹೋರಾಡಿ 2022ರ ಡಿಸೆಂಬರಿನಲ್ಲಿ ಮುಚ್ಚಿಸಿದ ಸುರತ್ಕಲ್ ಟೋಲ್‌ಗೇಟ್, 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆಬದಿಯ ಚಹಾ ಅಂಗಡಿಯ ಕುಟುಂಬವೂ ಲಾರಿ ಚಾಲಕರೂ ಸತ್ತ ದಾರುಣ. ಇದನ್ನು ಪ್ರವಾಸಿ ಸಾಮಾನು ಮಾಡುವುದು ಸರಿಯೇ? ಮಾಡುವ ಬಗೆಯ ಮೇಲೆ ಅದು ನಿಂತಿದೆ. ರೂಟ್ 66ರ ಚರಿತ್ರೆಯೂ ಸಿಹಿಯಾದದ್ದಲ್ಲ. 1930ರ ದಶಕದಲ್ಲಿ ಬರಗಾಲಕ್ಕೆ ಸಿಕ್ಕಿ ಹೊಲ ಕಳೆದುಕೊಂಡವರು ಆ ದಾರಿಯಲ್ಲೇ ಪಶ್ಚಿಮಕ್ಕೆ ಗುಳೆ ಹೋದರು. ಕಪ್ಪು ಜನಾಂಗದ ಪ್ರಯಾಣಿಕರಿಗೆ ಕೋಣೆ ಕೊಡದ ಊರುಗಳು ಎಷ್ಟಿದ್ದವೆಂದರೆ, ಎಲ್ಲಿ ತಂಗಬಹುದೆಂದು ತಿಳಿಸಲು 1936ರಿಂದ ಗ್ರೀನ್ ಬುಕ್ ಎಂಬ ಕೈಪಿಡಿಯೇ ಬರುತ್ತಿತ್ತು. ಇದನ್ನೆಲ್ಲ ಹೇಳುವವನು ಒಳ್ಳೆಯ ಮಾರ್ಗದರ್ಶಿ, ಬರೀ ನಿಯಾನ್ ಬೋರ್ಡು ತೋರಿಸುವವನು ಟೀಶರ್ಟು ವ್ಯಾಪಾರಿ. ಸೆಲಿಗ್ಮನ್‌ನಲ್ಲೂ ಟೀಶರ್ಟು ಅಂಗಡಿಗಳಿಗೆ ಬರವಿಲ್ಲ, ಆ ಅಪಾಯ ನಿಜ. ಆದರೆ ಭಟ್ಕಳ, ಹೊನ್ನಾವರದ ಪೇಟೆಗಳಿಗೆ ತಮ್ಮದೇ ವ್ಯಾಪಾರವಿದೆ, ಅವು ಸವಾರರ ಹಂಗಿನಲ್ಲಿ ಬದುಕಬೇಕಾಗಿಲ್ಲ. ಶಿರೂರಿನಲ್ಲಿ ಬೈಕು ನಿಲ್ಲಿಸಿ, ಇಳಿಜಾರನ್ನು ಕಡಿದು ರಸ್ತೆ ಅಗಲಿಸುವುದರ ಬಗ್ಗೆ ಎದ್ದ ಪ್ರಶ್ನೆಗಳನ್ನು ನಾಲ್ಕು ಜನಕ್ಕೆ ತಿಳಿಸಿದರೆ ಸತ್ತವರಿಗೆ ಅವಮಾನವಾಗುವುದಿಲ್ಲ. ಯಾರೂ ನಿಲ್ಲದೆ ಹೋಗುವುದರಿಂದಲೇ ಅಂಥದ್ದು ಬೇಗ ಮರೆತುಹೋಗುತ್ತದೆ.

ಮಾರ್ಗದರ್ಶಿಗಳು ಎಲ್ಲಿಂದ ಬರಬೇಕು? ಪ್ರವಾಸೋದ್ಯಮದ ಸರ್ಟಿಫಿಕೇಟಿನಿಂದ ಅಲ್ಲ. ಹಳೆಯ ಎಕ್ಸ್‌ಪ್ರೆಸ್ ಬಸ್ಸುಗಳ ನಿವೃತ್ತ ಚಾಲಕರು, ಮೀನಿನ ಲಾರಿ ಓಡಿಸಿದವರು, ಊರ ಇತಿಹಾಸ ಬಲ್ಲ ಮೇಷ್ಟ್ರುಗಳು ಇವರ ತಿಳಿವಳಿಕೆ ಇಪ್ಪತ್ತೈದರ ಒಬ್ಬ ಒಳ್ಳೆಯ ಸವಾರನಿಗೆ ದಾಟಬೇಕು. ಬಾಡಿಗೆ ಬೈಕು ಕೊಡುವವರು ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ, ಪರವಾನಿಗೆಯುಳ್ಳ ಗಾಡಿಯನ್ನೇ ಕೊಡಬೇಕು. ಬಿಳಿ ಫಲಕದ ಖಾಸಗಿ ಬೈಕನ್ನು ಬಾಡಿಗೆಗೆ ಬಿಡುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಸೈಲೆನ್ಸರ್ ಕಿತ್ತ ಬೈಕಿಗೆ ಗುಂಪಿನಲ್ಲಿ ಜಾಗವಿರಬಾರದು, ಮೀನುಗಾರರ ಕೇರಿಗಳು ನಡುಹಗಲು ಮಲಗುವ ಜಾಗಗಳು. ಇಷ್ಟಕ್ಕೆ ಸರಕಾರವನ್ನು ಕಾಯಬೇಕಿಲ್ಲ, ಸೆಲಿಗ್ಮನ್‌ನವರೂ ಕಾಯಲಿಲ್ಲ. ಮಂಗಳೂರಿನ ಬೈಕ್ ಕ್ಲಬ್ಬುಗಳಲ್ಲಿ ಒಂದು ವಿನಂತಿ: ಮುಂದಿನ ನವೆಂಬರಿಗೆ ಮೊದಲು ಒಬ್ಬ ಹಿರಿಯ ಬಸ್ ಚಾಲಕರನ್ನು ಕೂರಿಸಿಕೊಂಡು, ನೇತ್ರಾವತಿಯಿಂದ ಮರವಂತೆಯವರೆಗೆ ಉಳಿದಿರುವ ಹಳೆ ರಸ್ತೆಯ ತುಂಡುಗಳನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತು ಹಾಕಿ, ಮೂವತ್ತು ಕಿ.ಮೀ.ಗೊಂದು ನಿಲುಗಡೆ ಗೊತ್ತುಮಾಡಿ. ಮರವಂತೆಯವರೆಗಿನ ಒಂದು ದಿನದ ಸವಾರಿಯಿಂದ ಶುರುವಾಗಲಿ. ಕಾರವಾರ ಆಮೇಲೆ ನೋಡಿಕೊಳ್ಳೋಣ.